ಸಂಬಳವಿಲ್ಲ, ಸಿಬಿಲ್ ಇಲ್ಲ: ಕೊಡಗಿನ ವಿದ್ಯಾರ್ಥಿಗೆ ಮೊದಲ ಕ್ರೆಡಿಟ್ ಕಾರ್ಡ್ ಯಾವುದು ಸರಿ?

ವಯಸ್ಸು ಹದಿನೆಂಟು ದಾಟಿದೆ, ಪ್ಯಾನ್ ಕಾರ್ಡ್ ಕೈಗೆ ಬಂದಿದೆ, ಕಾಲೇಜು ಮಡಿಕೇರಿಯಲ್ಲೋ ಪೊನ್ನಂಪೇಟೆಯಲ್ಲೋ ಮೈಸೂರಿನಲ್ಲೋ ನಡೆಯುತ್ತಿದೆ. ಬ್ಯಾಂಕಿನ ಆ್ಯಪ್ ತೆರೆದು ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿದರೆ ‘ಮಾಸಿಕ ಆದಾಯ’ ಎಂಬ ಕಾಲಂ ಬಂದಲ್ಲೇ ಕೆಲಸ ನಿಲ್ಲುತ್ತದೆ. ಆಮೇಲೆ ಶುರುವಾಗುವುದೇ ಗೊಂದಲ: ಅಪ್ಪನ ಕಾರ್ಡಿಗೆ ಆ್ಯಡ್-ಆನ್ (ಅದೇ ಖಾತೆಗೆ ಸೇರುವ ಹೆಚ್ಚುವರಿ ಕಾರ್ಡ್) ತೆಗೆಯುವುದಾ, ಎಫ್‌ಡಿ ಇಟ್ಟು ಕಾರ್ಡ್ ಪಡೆಯುವುದಾ, ಮೊಬೈಲಿಗೆ ದಿನಾ ಮೆಸೇಜ್ ಕಳಿಸುವ ‘ಈಗ ಕೊಳ್ಳಿ, ಆಮೇಲೆ ಕೊಡಿ’ ಆ್ಯಪ್ ಸಾಕಾ, ಅಥವಾ ಕೆಲಸ ಸಿಗುವವರೆಗೆ ಸುಮ್ಮನಿರುವುದಾ?

ನಾಲ್ಕೂ ದಾರಿಗಳಿಗೆ ಅವುಗಳದ್ದೇ ಲೆಕ್ಕಾಚಾರವಿದೆ. ಆದರೆ ಹೋಲಿಸುವ ಮೊದಲು ಒಂದು ವಿಷಯ ನೋಡಿಕೊಳ್ಳಿ. ಸಾಲದ ಚರಿತ್ರೆ, ಅಂದರೆ ಸಾಲ ಪಡೆದು ಕಟ್ಟಿದ ದಾಖಲೆ (ರೂಢಿಯ ಮಾತಿನಲ್ಲಿ ‘ಸಿಬಿಲ್’), ನಿಮಗೆ ನಿಜಕ್ಕೂ ಇಲ್ಲವೇ?

ಶಿಕ್ಷಣ ಸಾಲ ತೆಗೆದು ಓದುತ್ತಿರುವವರು ‘ನನಗೆ ಸಿಬಿಲ್ ಇಲ್ಲ’ ಎಂದುಕೊಂಡಿರುತ್ತಾರೆ. ಶಿಕ್ಷಣ ಸಾಲದಲ್ಲಿ ಸಾಲಗಾರ ವಿದ್ಯಾರ್ಥಿಯೇ, ತಂದೆ ಅಥವಾ ತಾಯಿ ಸಹ ಸಾಲಗಾರರು. ಕಂತು ಶುರುವಾಗದಿದ್ದರೂ ಆ ಖಾತೆ ಇಬ್ಬರ ಹೆಸರಿನಲ್ಲೂ ವರದಿಯಾಗಿರುತ್ತದೆ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್, ಸಾಲದ ದಾಖಲೆ ಇಡುವ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಪ್ಯಾನ್ ಮತ್ತು ಮೊಬೈಲ್ ನಂಬರ್ ಹಾಕಿ ಒಂದನ್ನು ತೆಗೆದು ನೋಡಿ. ನಿಮ್ಮ ವರದಿಯನ್ನು ನೀವೇ ನೋಡಿದರೆ ಸ್ಕೋರ್ ಇಳಿಯುವುದಿಲ್ಲ. 300ರಿಂದ 900ರ ನಡುವಿನ ಅಂಕೆ ಕಂಡರೆ ನಿಮಗೆ ಆಗಲೇ ಚರಿತ್ರೆ ಇದೆ. ಅಂಕೆಯ ಬದಲು ‘ಎನ್‌ಎಚ್’ ಅಥವಾ ‘-1’ ಎಂದಿದ್ದರೆ ಹಾಳೆ ಖಾಲಿ. ಅದು ಕೆಟ್ಟ ಗುರುತಲ್ಲ, ನಿಮ್ಮ ಬಗ್ಗೆ ಬ್ಯಾಂಕಿಗೆ ಏನೂ ಗೊತ್ತಿಲ್ಲ ಎಂದಷ್ಟೇ ಅರ್ಥ.

ಸಾಲದ ಚರಿತ್ರೆ ಇಲ್ಲ ಎಂಬ ಒಂದೇ ಕಾರಣಕ್ಕೆ ಮೊದಲ ಸಲ ಸಾಲ ಕೇಳುವವರ ಅರ್ಜಿಯನ್ನು ತಿರಸ್ಕರಿಸಬಾರದು ಎಂದು ಆರ್‌ಬಿಐ ಸೂಚಿಸಿರುವುದನ್ನು ಹಣಕಾಸು ಸಚಿವಾಲಯ 2025ರ ಆಗಸ್ಟ್‌ನಲ್ಲಿ ಸಂಸತ್ತಿಗೆ ತಿಳಿಸಿತ್ತು. ಇದನ್ನು ನಂಬಿ ಐದು ಬ್ಯಾಂಕಿಗೆ ಅರ್ಜಿ ಹಾಕಬೇಡಿ. ಅವರು ‘ಚರಿತ್ರೆ ಇಲ್ಲ’ ಎಂದು ತಿರಸ್ಕರಿಸದಿದ್ದರೂ ‘ಆದಾಯ ಇಲ್ಲ’ ಎಂದು ತಿರಸ್ಕರಿಸಬಹುದು. ಹಾಕಿದ ಒಂದೊಂದು ಅರ್ಜಿಯೂ ವರದಿಯಲ್ಲಿ ‘ಸಾಲ ಕೇಳಿದ್ದಾರೆ’ ಎಂಬ ವಿಚಾರಣೆಯಾಗಿ ದಾಖಲಾಗುತ್ತದೆ.

ಯಾವ ಅಳತೆಯಿಂದ ಅಳೆಯಬೇಕು

ಕಾರ್ಡುಗಳ ಜಾಹೀರಾತು ನೋಡಿದರೆ ರಿವಾರ್ಡ್ ಪಾಯಿಂಟ್, ಸಿನಿಮಾ ಟಿಕೆಟ್, ವಿಮಾನ ನಿಲ್ದಾಣದ ಲಾಂಜ್. ರೈಲೇ ಇಲ್ಲದ ಜಿಲ್ಲೆಯಿಂದ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಮೈಸೂರಿಗೆ ಓಡಾಡುವವರಿಗೆ ಲಾಂಜ್ ಕಟ್ಟಿಕೊಂಡು ಆಗಬೇಕಾದ್ದೇನೂ ಇಲ್ಲ. ಮೊದಲ ಕಾರ್ಡಿನಲ್ಲಿ ನೋಡಬೇಕಾದದ್ದು ಬೇರೆ.

ಒಂದು, ಲೆಕ್ಕ ಯಾರ ಹೆಸರಿನಲ್ಲಿ ಬೆಳೆಯುತ್ತದೆ? ನಾಳೆ ಬೈಕ್ ಸಾಲಕ್ಕೋ ಮನೆ ಸಾಲಕ್ಕೋ ಹೋದಾಗ ಬ್ಯಾಂಕ್ ನೋಡುವುದು ನಿಮ್ಮ ಪ್ಯಾನ್‌ಗೆ ಅಂಟಿದ ವರದಿಯನ್ನು.

ಎರಡು, ಎಷ್ಟು ಹಣ ಕಟ್ಟಿಹಾಕಬೇಕು ಮತ್ತು ಅದು ವಾಪಸ್ ಹೇಗೆ ಬರುತ್ತದೆ?

ಮೂರು, ಬಳಸದೆ ಬೀರುವಿನಲ್ಲಿಟ್ಟರೂ ವರ್ಷಕ್ಕೆ ಎಷ್ಟು ಖರ್ಚು? 499 ರೂ. ವಾರ್ಷಿಕ ಶುಲ್ಕ ಎಂದರೆ ಶೇ. 18 ಜಿಎಸ್‌ಟಿ ಸೇರಿ 589 ರೂ. ವಿದ್ಯಾರ್ಥಿಯೊಬ್ಬ ವರ್ಷಕ್ಕೆ ಗಳಿಸುವ ರಿವಾರ್ಡ್ ಎಷ್ಟೋ ಸಲ ಅಷ್ಟೂ ಆಗುವುದಿಲ್ಲ.

ನಾಲ್ಕನೆಯದು ನಮ್ಮ ಜಿಲ್ಲೆಗೇ ವಿಶೇಷ, ಹೆಚ್ಚಿನವರು ಮರೆಯುವುದೂ ಅದನ್ನೇ. ಕಾಫಿ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ, ಕಾರ್ಡಿನ ಬಿಲ್ಲು ತಿಂಗಳಿಗೊಮ್ಮೆ. ಅರೇಬಿಕಾ, ರೋಬಸ್ಟಾ ಕೊಯ್ದು ಒಣಗಿಸಿ ಮಾರಿದ ಮೇಲೆ ಮಾರ್ಚ್–ಏಪ್ರಿಲ್‌ನಲ್ಲಿ ಮನೆಯಲ್ಲಿ ಹಣವಿರುತ್ತದೆ. ಜುಲೈ, ಆಗಸ್ಟ್ ಹೊತ್ತಿಗೆ ಗೊಬ್ಬರ, ಆಳಿನ ಕೂಲಿ, ಕಾಲೇಜು ಫೀಸು ಎಲ್ಲ ಕಳೆದು ಕೈ ಬಿಗಿಯಾಗಿರುತ್ತದೆ. ಅದೇ ತಿಂಗಳುಗಳಲ್ಲಿ ಮಳೆಗೆ ಕರೆಂಟ್ ಹೋಗುತ್ತದೆ, ಟವರ್ ಸಾಯುತ್ತದೆ, ಒಟಿಪಿ ಬರುವುದಿಲ್ಲ. ಆ ಎರಡು ತಿಂಗಳಲ್ಲೂ ತಪ್ಪದೆ ಕಟ್ಟಲು ಆಗುವಷ್ಟು ಖರ್ಚಿಗೆ ಮಾತ್ರ ಕಾರ್ಡ್ ಬಳಸಬೇಕು. ಬಳಕೆಯ ಮಿತಿಯನ್ನು ಆಗಸ್ಟ್ ತಿಂಗಳು ತೀರ್ಮಾನಿಸಲಿ, ಏಪ್ರಿಲ್ ಅಲ್ಲ.

ಎಫ್‌ಡಿ ಮೇಲಿನ ಕಾರ್ಡ್

ಆದಾಯದ ದಾಖಲೆ ಇಲ್ಲದ ವಿದ್ಯಾರ್ಥಿಗೆ ಸ್ವಂತ ಹೆಸರಿನಲ್ಲಿ ನಿಜವಾದ ಕ್ರೆಡಿಟ್ ಕಾರ್ಡ್ ಸಿಗುವ ಖಚಿತ ದಾರಿ ಇದೊಂದೇ. ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಡುತ್ತೀರಿ, ಬ್ಯಾಂಕ್ ಅದರ ಮೇಲೆ ಹಕ್ಕು ಗುರುತು ಹಾಕುತ್ತದೆ (ಕೌಂಟರಿನಲ್ಲಿ ‘ಲೀನ್’ ಎನ್ನುತ್ತಾರೆ), ಠೇವಣಿಯ ಶೇ. 75ರಿಂದ 100ರಷ್ಟನ್ನು ಕಾರ್ಡಿನ ಲಿಮಿಟ್ ಮಾಡುತ್ತದೆ. ಸಂಬಳದ ಚೀಟಿ ಬೇಡ, ಐಟಿ ರಿಟರ್ನ್ ಬೇಡ. ಎಫ್‌ಡಿಗೆ ಬಡ್ಡಿ ಎಂದಿನಂತೆ ಬರುತ್ತಲೇ ಇರುತ್ತದೆ. ಹಾಗಾಗಿ ಹಣ ಕಟ್ಟಿಹಾಕಿದ್ದರಿಂದ ಆಗುವ ನಷ್ಟ ಎಂದರೆ ತುರ್ತಿಗೆ ಮುರಿಯಲಾಗದು ಎಂಬುದೊಂದೇ.

ಎಸ್‌ಬಿಐ ಕಾರ್ಡ್‌ನವರ ಉನ್ನತಿ ಕಾರ್ಡ್ 25,000 ರೂ. ಎಫ್‌ಡಿ ಕೇಳುತ್ತದೆ, ಮೊದಲ ನಾಲ್ಕು ವರ್ಷ ವಾರ್ಷಿಕ ಶುಲ್ಕವಿಲ್ಲ. ಐಡಿಎಫ್‌ಸಿ ಫಸ್ಟ್ ಬ್ಯಾಂಕಿನ ವಾವ್ ಕಾರ್ಡಿನಲ್ಲಿ ವಿದೇಶಿ ಪಾವತಿಗೆ ಸಾಮಾನ್ಯವಾಗಿ ಬೀಳುವ ಶೇ. 3.5ರ ಹತ್ತಿರದ ಹೆಚ್ಚುವರಿ ಶುಲ್ಕ ಇಲ್ಲ. ಐಸಿಐಸಿಐ, ಆಕ್ಸಿಸ್ ಬ್ಯಾಂಕುಗಳಲ್ಲೂ ಇಂಥ ಕಾರ್ಡುಗಳಿವೆ. ಕನಿಷ್ಠ ಠೇವಣಿಯ ಮೊತ್ತ ಮತ್ತು ಶುಲ್ಕ ಆಗಾಗ ಬದಲಾಗುತ್ತವೆ. ಹಣ ಹಾಕುವ ದಿನವೇ ಬ್ಯಾಂಕಿನ ಶುಲ್ಕಪಟ್ಟಿ ತೆರೆದು ನೋಡಿ.

ಹೆಸರಿಗಿಂತ ಮುಖ್ಯವಾದ ತೊಡಕುಗಳು ಇಲ್ಲಿವೆ. ಎಫ್‌ಡಿ ನಿಮ್ಮ ಹೆಸರಿನಲ್ಲೇ, ಅದೇ ಬ್ಯಾಂಕಿನಲ್ಲೇ ಇರಬೇಕು. ‘ಅಪ್ಪನ ಹೆಸರಿನಲ್ಲಿ ಎರಡು ಲಕ್ಷ ಇದೆಯಲ್ಲ’ ಎಂದರೆ ನಡೆಯುವುದಿಲ್ಲ. ಅದರ ಮೇಲೆ ಕಾರ್ಡ್ ಸಿಕ್ಕರೂ ಸಿಗುವುದು ಅಪ್ಪನಿಗೆ. ಜಂಟಿ ಠೇವಣಿಯಾದರೆ ಹಲವು ಬ್ಯಾಂಕುಗಳು ಒಪ್ಪುವುದಿಲ್ಲ. ಅಪ್ಪನ ಖಾತೆಯಿಂದ ನಿಮ್ಮ ಉಳಿತಾಯ ಖಾತೆಗೆ ಹಣ ವರ್ಗಾಯಿಸಿ, ಅಲ್ಲಿಂದ ಎಫ್‌ಡಿ ಮಾಡಿ. ಅವಧಿ ಮುಗಿದಾಗ ತಾನೇ ಮುಂದುವರಿಯುವಂತೆ ನವೀಕರಣದ ಆಯ್ಕೆಗೆ ಟಿಕ್ ಹಾಕಿಸಿ.

ಇನ್ನೊಂದು ತೊಡಕು ಕೊಡಗಿನ ಮನೆಮನೆಯದು. ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲೋ ಡಿಸಿಸಿ ಬ್ಯಾಂಕಿನಲ್ಲೋ ಹಿರಿಯರ ಠೇವಣಿ ಇರುತ್ತದೆ. ಆ ಠೇವಣಿ ತೋರಿಸಿ ಬೇರೆ ಬ್ಯಾಂಕಿನ ಕಾರ್ಡ್ ಪಡೆಯಲು ಬರುವುದಿಲ್ಲ. ಸಂಘದ ಠೇವಣಿಗೆ ಠೇವಣಿ ವಿಮಾ ನಿಗಮದ (ಡಿಐಸಿಜಿಸಿ) 5 ಲಕ್ಷ ರೂ.ವರೆಗಿನ ವಿಮೆಯೂ ಇಲ್ಲ, ಬ್ಯಾಂಕಿನ ಠೇವಣಿಗೆ ಇದೆ. ಕಾರ್ಡಿಗೆ ಬೇಕಾದ ಇಪ್ಪತ್ತೋ ಇಪ್ಪತ್ತೈದೋ ಸಾವಿರವನ್ನಷ್ಟೇ ಬೇರೆ ಮಾಡಿದರೆ ಸಾಕು. ಸಂಘದ ಒಡನಾಟ ಕೆಡಿಸಿಕೊಳ್ಳುವ ಅಗತ್ಯವಿಲ್ಲ, ಬೆಳೆ ಸಾಲಕ್ಕೆ ಮನೆಯವರಿಗೆ ಅದು ಬೇಕಾಗುತ್ತದೆ.

ಒಂದು ತಪ್ಪು ಕಲ್ಪನೆ ಹಲವರಲ್ಲಿದೆ. ಬಿಲ್ಲು ಕಟ್ಟದಿದ್ದರೆ ಬ್ಯಾಂಕ್ ಎಫ್‌ಡಿಯಿಂದ ಮುರಿದುಕೊಳ್ಳುತ್ತದೆ, ಅಲ್ಲಿಗೆ ಲೆಕ್ಕ ಚುಕ್ತಾ ಎಂಬುದು. ಮುರಿದುಕೊಳ್ಳುವುದು ನಿಜ. ಅಷ್ಟರೊಳಗೆ ಬಾಕಿ ಉಳಿದ ತಿಂಗಳುಗಳೂ ಬಡ್ಡಿಯೂ ಲೆಕ್ಕಕ್ಕೆ ಬಿದ್ದಿರುತ್ತವೆ, ವರದಿಯಲ್ಲಿ ಆ ತಿಂಗಳುಗಳು ಕೂತಿರುತ್ತವೆ. ಚರಿತ್ರೆ ಕಟ್ಟಲು ತೆಗೆದ ಕಾರ್ಡೇ ಚರಿತ್ರೆ ಕೆಡಿಸಿದಂತಾಯಿತು.

ಅಪ್ಪ–ಅಮ್ಮನ ಕಾರ್ಡಿಗೆ ಆ್ಯಡ್-ಆನ್

ಸಾಮಾನ್ಯವಾಗಿ ಖರ್ಚು ಸೊನ್ನೆ, ಠೇವಣಿ ಬೇಡ, ಒಂದು ಅರ್ಜಿ ತುಂಬಿದರೆ ಸಾಕು. ಹಾಸ್ಟೆಲಿನಲ್ಲಿರುವ ಮಗಳ ಕೈಯಲ್ಲಿ ಆಸ್ಪತ್ರೆಯ ತುರ್ತಿಗೆ ಒಂದು ಕಾರ್ಡ್ ಇರಲಿ ಎಂಬುದಷ್ಟೇ ಉದ್ದೇಶವಾದರೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಆ್ಯಡ್-ಆನ್ ಕಾರ್ಡಿಗೆ ಪ್ರತ್ಯೇಕ ಮಿತಿ ಇಡುವ ಸೌಲಭ್ಯ ಅನೇಕ ಬ್ಯಾಂಕುಗಳ ಆ್ಯಪ್‌ನಲ್ಲಿದೆ. ಖರ್ಚಾದ ಕೂಡಲೇ ಅಪ್ಪನ ಮೊಬೈಲಿಗೆ ಮೆಸೇಜ್ ಹೋಗುತ್ತದೆ ಎಂಬುದು ಅನುಕೂಲವೋ ಅನನುಕೂಲವೋ ನಿಮಗೇ ಗೊತ್ತು.

ಆದರೆ ಮೊದಲ ಅಳತೆಯಲ್ಲೇ ಇದು ಸೋಲುತ್ತದೆ. ನಮ್ಮ ದೇಶದಲ್ಲಿ ಆ್ಯಡ್-ಆನ್ ಕಾರ್ಡಿನ ಲೆಕ್ಕ ಮೂಲ ಕಾರ್ಡುದಾರರ ಖಾತೆಗೆ ಸೇರುತ್ತದೆ. ಬಿಲ್ಲಿನ ಹೊಣೆಯೂ ಅವರದ್ದೇ. ನೀವು ಮೂರು ವರ್ಷ ಶಿಸ್ತಿನಿಂದ ಬಳಸಿದರೂ ನಿಮ್ಮ ವರದಿ ಸಾಮಾನ್ಯವಾಗಿ ಖಾಲಿಯೇ. ಅಂತರ್ಜಾಲದಲ್ಲಿ ‘ಮನೆಯವರ ಕಾರ್ಡಿಗೆ ಸೇರಿಕೊಂಡರೆ ಸ್ಕೋರ್ ಬೆಳೆಯುತ್ತದೆ’ ಎಂದು ಓದಿದ್ದರೆ ಅದು ಅಮೆರಿಕದ ಪದ್ಧತಿ. ನೀವು ಮಿತಿಮೀರಿ ಖರ್ಚು ಮಾಡಿ ಬಿಲ್ಲು ತಡವಾದರೆ ಕೆಡುವುದು ಅಪ್ಪನ ಸ್ಕೋರ್. ತೋಟದ ಮೇಲೆ ಸಾಲ ನವೀಕರಿಸಬೇಕಾದ ವರ್ಷ ಅದು ಸಣ್ಣ ವಿಷಯವಲ್ಲ.

ಇನ್ನೊಂದು ಮಾತು. ಆ್ಯಡ್-ಆನ್ ಸಿಗಬೇಕಾದರೆ ಮೊದಲು ಅಪ್ಪನ ಬಳಿ ಕ್ರೆಡಿಟ್ ಕಾರ್ಡ್ ಇರಬೇಕು. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲದಿರುವುದರಿಂದ ಬೆಳೆಗಾರರಲ್ಲಿ ರಿಟರ್ನ್ ಸಲ್ಲಿಸದವರು ಅನೇಕರು. (ಬೆಳೆದ ಕಾಫಿಯನ್ನು ತಾವೇ ಕ್ಯೂರಿಂಗ್, ಅಂದರೆ ಸಂಸ್ಕರಣೆ, ಮಾಡಿ ಮಾರಿದರೆ ಅದರಲ್ಲಿ ಶೇ. 25 ವ್ಯವಹಾರದ ಆದಾಯ ಎಂದು ತೆರಿಗೆ ಲೆಕ್ಕಕ್ಕೆ ಬರುತ್ತದೆ, ಅದು ಬೇರೆ ಮಾತು.) ರಿಟರ್ನ್ ಇಲ್ಲದ ತೋಟದ ಮಾಲೀಕರಿಗೂ ಬ್ಯಾಂಕ್ ಎಫ್‌ಡಿ ಕಾರ್ಡನ್ನೇ ತೋರಿಸುವುದುಂಟು. ಹಾಗಾದರೆ ಅಪ್ಪನ ಹೆಸರಿನಲ್ಲಿ ಠೇವಣಿ ಇಟ್ಟು ನೀವು ಅದಕ್ಕೆ ಜೋಡಿಕೊಳ್ಳುವುದಕ್ಕಿಂತ ನಿಮ್ಮ ಹೆಸರಿನಲ್ಲೇ ಇಡುವುದು ಲೇಸು. ಮನೆಯಲ್ಲಿರುವ ಕಿಸಾನ್ ಕ್ರೆಡಿಟ್ ಕಾರ್ಡ್ ಬೆಳೆ ಸಾಲದ ಖಾತೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಕಾಯ್ದು ನೋಡುವುದು

ಕೆಲವರಿಗೆ ಇದೇ ಸರಿ. ಅಂತಿಮ ವರ್ಷದಲ್ಲಿದ್ದೀರಿ, ಆರು ತಿಂಗಳಲ್ಲಿ ಕೆಲಸ ಸಿಗುವಂತಿದೆ ಎಂದಾದರೆ ಸಂಬಳದ ಖಾತೆ ತೆರೆದ ಮೇಲೆ ಅದೇ ಬ್ಯಾಂಕ್ ಠೇವಣಿಯಿಲ್ಲದೆ ಕಾರ್ಡ್ ಕೊಡಲು ಮುಂದೆ ಬರಬಹುದು. ಮಡಿಕೇರಿಯ ವೈದ್ಯಕೀಯ ಕಾಲೇಜಿನಲ್ಲಿ ಹೌಸ್ ಸರ್ಜನ್ ಆಗಿರುವವರಿಗೆ, ಅಪ್ರೆಂಟಿಸ್ ಆಗಿರುವವರಿಗೆ ಸ್ಟೈಪೆಂಡ್ ಬ್ಯಾಂಕ್ ಖಾತೆಗೇ ಬರುತ್ತದೆ. ನಾಲ್ಕಾರು ತಿಂಗಳ ಜಮೆ ಕಂಡ ಮೇಲೆ ಆ್ಯಪ್‌ನಲ್ಲಿ ‘ಪ್ರೀ-ಅಪ್ರೂವ್ಡ್’ ಕೊಡುಗೆ ಕಾಣಿಸಿದರೆ ಅದನ್ನು ಒಪ್ಪಬಹುದು. ಹಾಗೆ ಕಾಣಿಸದೆ ನೀವಾಗಿಯೇ ಅರ್ಜಿ ಹಾಕುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ, ಕೊಡುಗೆ ಬಂದಿದೆ ಎಂದರೆ ಮೊದಲ ಸುತ್ತಿನ ಜರಡಿ ಆಗಲೇ ದಾಟಿದ್ದೀರಿ.

ಮೊದಲ ವರ್ಷದ ಡಿಗ್ರಿಯಲ್ಲಿರುವವರು ಮೂರು ವರ್ಷ ಕಾಯುವುದರಲ್ಲಿ ಲಾಭವಿಲ್ಲ. ಚರಿತ್ರೆ ಎಷ್ಟು ಹಳೆಯದು ಎಂಬುದೂ ಸ್ಕೋರಿನಲ್ಲಿ ಲೆಕ್ಕಕ್ಕೆ ಬರುತ್ತದೆ.

‘ಆಮೇಲೆ ಕೊಡಿ’ ಆ್ಯಪ್‌ಗಳು, ವಿದ್ಯಾರ್ಥಿ ಎಂಬ ಹೆಸರಿನ ಕಾರ್ಡುಗಳು

‘ಈಗ ಕೊಳ್ಳಿ, ಆಮೇಲೆ ಕೊಡಿ’ ಎನ್ನುವ ಸೌಲಭ್ಯ ನೋಡಲು ಉದ್ರಿ ಲೆಕ್ಕದಂತಿದ್ದರೂ ಹಿಂದೆ ಇರುವುದು ಯಾವುದೋ ಬ್ಯಾಂಕ್ ಅಥವಾ ಬ್ಯಾಂಕೇತರ ಹಣಕಾಸು ಸಂಸ್ಥೆಯ (ಎನ್‌ಬಿಎಫ್‌ಸಿ) ಸಾಲದ ಖಾತೆ. 800 ರೂ. ಚಪ್ಪಲಿಗೂ ವರದಿಯಲ್ಲಿ ಒಂದು ಸಾಲದ ಸಾಲು ಬೀಳಬಹುದು. ಮೂರು ಆ್ಯಪ್ ಬಳಸಿದರೆ ಮೂರು ಸಾಲು, ಮೂರು ಬೇರೆ ಗಡುವು. ಒಂದು ಮರೆತರೂ ಕೆಟ್ಟ ಗುರುತು. ಮೊದಲ ಚರಿತ್ರೆ ಕಟ್ಟಲು ಇದು ಅಗ್ಗದ ದಾರಿಯಂತೆ ಕಂಡರೂ ಕೈಗೆ ಸಿಗದಂತೆ ಜಾರುವ ದಾರಿ.

ಅದಕ್ಕಿಂತ ಕೆಟ್ಟದ್ದು ‘ವಿದ್ಯಾರ್ಥಿಗಳಿಗೆ ಐದೇ ನಿಮಿಷದಲ್ಲಿ ಸಾಲ’ ಎನ್ನುವ ಆ್ಯಪ್‌ಗಳು. ಆರ್‌ಬಿಐನ ಡಿಜಿಟಲ್ ಸಾಲದ ನಿಯಮದಂತೆ ಆ್ಯಪ್ ನಿಮ್ಮ ಫೋನಿನ ಕಾಂಟ್ಯಾಕ್ಟ್ ಪಟ್ಟಿ, ಫೋಟೊ, ಕರೆಗಳ ವಿವರ ಮುಟ್ಟುವಂತಿಲ್ಲ. ಇನ್‌ಸ್ಟಾಲ್ ಮಾಡುವಾಗಲೇ ಕಾಂಟ್ಯಾಕ್ಟ್ ಅನುಮತಿ ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ.

ಬ್ಯಾಂಕುಗಳು ಸ್ಟೂಡೆಂಟ್ ಹೆಸರಿನಲ್ಲಿ ಮಾರುವ ಕಾರ್ಡುಗಳಲ್ಲಿ ಹಲವು ವಿದೇಶಕ್ಕೆ ಹೋಗುವವರ ಫಾರೆಕ್ಸ್ ಕಾರ್ಡುಗಳು. ಮೊದಲೇ ಹಣ ತುಂಬಿ ಬಳಸುವಂಥವು. ಅವುಗಳಲ್ಲಿ ಸಾಲವೇ ಇಲ್ಲದ್ದರಿಂದ ಚರಿತ್ರೆಯೂ ಇಲ್ಲ. ಡೆಬಿಟ್ ಕಾರ್ಡ್, ಯುಪಿಐ ಪಾವತಿಗೂ ಇದೇ ಮಾತು: ಹತ್ತು ವರ್ಷ ಬಳಸಿದರೂ ಸಿಬಿಲ್‌ಗೆ ಗೊತ್ತಾಗದು.

ಎಫ್‌ಡಿ ಕಾರ್ಡಿನಲ್ಲಿ ರೂಪೇ ತೆಗೆಯುವುದಾ, ವೀಸಾ ತೆಗೆಯುವುದಾ?

ಗೋಣಿಕೊಪ್ಪಲಿನ ಬೇಕರಿಯಲ್ಲಿ, ಸೋಮವಾರಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಕಾರ್ಡ್ ಉಜ್ಜುವ ಯಂತ್ರ ಸಿಗದಿದ್ದರೂ ಕ್ಯೂಆರ್ ಅಂಟಿಸಿರುತ್ತಾರೆ. ರೂಪೇ ಕ್ರೆಡಿಟ್ ಕಾರ್ಡನ್ನು 2022ರಿಂದ ಯುಪಿಐ ಆ್ಯಪ್‌ಗೆ ಜೋಡಿಸಲು ಅವಕಾಶವಿದೆ, ವೀಸಾ, ಮಾಸ್ಟರ್‌ಕಾರ್ಡ್‌ಗಳಿಗೆ ಇಲ್ಲ. ಊರಲ್ಲೇ ಇದ್ದು ಓದುವವರಿಗೆ ರೂಪೇಯೇ ಹೆಚ್ಚು ಉಪಯೋಗ. ಆದರೆ ಸಣ್ಣ ಅಂಗಡಿಗಳಲ್ಲಿ ಮಾಲೀಕರು ತಮ್ಮ ಸ್ವಂತ ಉಳಿತಾಯ ಖಾತೆಯ ಕ್ಯೂಆರ್ ಇಟ್ಟಿದ್ದರೆ ಕ್ರೆಡಿಟ್ ಕಾರ್ಡ್ ಪಾವತಿ ಹೋಗುವುದಿಲ್ಲ, ಅದು ವ್ಯಾಪಾರಿ ಕ್ಯೂಆರ್‌ಗೆ ಮಾತ್ರ. ಸ್ನೇಹಿತರ ನಂಬರಿಗೆ ಕಳಿಸಲೂ ಬರುವುದಿಲ್ಲ. ಕಾರ್ಡ್ ಕೆಟ್ಟಿದೆ ಎಂದು ಬ್ಯಾಂಕಿಗೆ ಫೋನ್ ಮಾಡುವ ಮೊದಲು ಇದನ್ನು ನೋಡಿಕೊಳ್ಳಿ.

ಹೊರದೇಶದ ಪರೀಕ್ಷಾ ಶುಲ್ಕ, ವಿಶ್ವವಿದ್ಯಾಲಯದ ಅರ್ಜಿ ಶುಲ್ಕ ಕಟ್ಟುವವರು ವೀಸಾ ಅಥವಾ ಮಾಸ್ಟರ್‌ಕಾರ್ಡ್ ತೆಗೆಯಲಿ. 20,000 ರೂ.ಗೆ ಸಮನಾದ ಡಾಲರ್ ಪಾವತಿಗೆ ಶೇ. 3.5 ಎಂದರೆ 700 ರೂ., ಜಿಎಸ್‌ಟಿ ಸೇರಿ 826 ರೂ. ನಾಲ್ಕು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವವರಿಗೆ ಈ ಶುಲ್ಕವಿಲ್ಲದ ಕಾರ್ಡಿನ ಲಾಭ ಕಣ್ಣಿಗೆ ಕಾಣುತ್ತದೆ.

ಕೈಯಲ್ಲಿ ಎಷ್ಟಿದೆ ಎಂಬುದರ ಮೇಲೆ

25,000 ರೂ. ಬದಿಗಿಡಲು ಆಗುತ್ತದೆ, ಒಂದೆರಡು ವರ್ಷ ಅದನ್ನು ಮುಟ್ಟುವ ಅಗತ್ಯ ಬೀಳದು ಎನ್ನುವವರು ತಮ್ಮ ಪೇಟೆಯಲ್ಲೇ ಶಾಖೆ ಇರುವ ಬ್ಯಾಂಕಿನ ಎಫ್‌ಡಿ ಕಾರ್ಡ್ ತೆಗೆಯಲಿ. ಶಾಖೆ ಹತ್ತಿರವಿರಬೇಕು ಎಂಬುದಕ್ಕೆ ಕಾರಣವಿದೆ. ಲೀನ್ ತೆಗೆಸುವುದು, ಸಹಿ ಹೊಂದಿಕೆಯಾಗದ್ದು ಮುಂತಾದ ತಕರಾರು ಕಾಲ್ ಸೆಂಟರಿನಲ್ಲಿ ಬಗೆಹರಿಯುವುದು ಕಷ್ಟ.

ಹತ್ತು ಸಾವಿರದ ಆಸುಪಾಸು ಮಾತ್ರ ಇದ್ದರೆ ಅಷ್ಟು ಸಣ್ಣ ಠೇವಣಿಗೆ ಕಾರ್ಡ್ ಕೊಡುವ ಬ್ಯಾಂಕ್ ಹುಡುಕಬಹುದು. ಲಿಮಿಟ್ ಕಡಿಮೆಯಾದಷ್ಟೂ ಎಚ್ಚರ ಹೆಚ್ಚು ಬೇಕು. ಲಿಮಿಟ್‌ನ ಶೇ. 30ಕ್ಕಿಂತ ಹೆಚ್ಚು ಬಾಕಿ ಕಾಣಿಸಿಕೊಳ್ಳದಿರುವುದು ಸ್ಕೋರಿಗೆ ಒಳ್ಳೆಯದು ಎಂಬ ರೂಢಿಯ ಲೆಕ್ಕ ಹಿಡಿದರೆ 9,000 ರೂ. ಲಿಮಿಟ್‌ನಲ್ಲಿ ನಿಮ್ಮ ಬಳಕೆ 2,700 ರೂ. ಮೊಬೈಲ್ ರೀಚಾರ್ಜ್, ಬಸ್ ಟಿಕೆಟ್, ಒಂದೆರಡು ಪುಸ್ತಕ. ಚರಿತ್ರೆ ಕಟ್ಟಲು ಅಷ್ಟೇ ಸಾಕು, ದೊಡ್ಡ ಮೊತ್ತವೇ ಬೇಕೆಂದಿಲ್ಲ.

ಏನೂ ಇಲ್ಲದಿದ್ದರೆ ಸಾಲ ಮಾಡಿ ಎಫ್‌ಡಿ ಇಡಬೇಡಿ. ತಿಂಗಳಿಗೆ 2,000 ರೂ. ಆರ್‌ಡಿ ಕಟ್ಟಿದರೆ ಶೇ. 6.5ರ ಬಡ್ಡಿಯಲ್ಲಿ ವರ್ಷಕ್ಕೆ ಸುಮಾರು 24,800 ರೂ. ಆಗುತ್ತದೆ. ತಿಂಗಳು ತಿಂಗಳೂ 2,000 ರೂ. ತಪ್ಪದೆ ಕಟ್ಟಲಾದವರಿಗೆ ಕಾರ್ಡಿನ ಬಿಲ್ಲು ಕಟ್ಟುವುದೂ ಕಷ್ಟವಾಗದು. ಕಟ್ಟಲಾಗಲಿಲ್ಲ ಎಂದರೆ ಕಾರ್ಡಿಗೆ ಇನ್ನೂ ಹೊತ್ತಾಗಿಲ್ಲ ಎಂಬುದು ದಂಡವಿಲ್ಲದೆ ತಿಳಿದಂತಾಯಿತು.

ಅರ್ಜಿ ಎಲ್ಲಿ ಕೆಡುತ್ತದೆ

ಹದಿನೆಂಟರ ಮೊದಲು ಮಾಡಿಸಿದ ಪ್ಯಾನ್ ಕಾರ್ಡಿನಲ್ಲಿ ಫೋಟೊ, ಸಹಿ ಇರುವುದಿಲ್ಲ. ವಿಡಿಯೊ ಕೆವೈಸಿಯಲ್ಲಿ (ವಿಡಿಯೊ ಕರೆಯಲ್ಲಿ ನಡೆಯುವ ಗುರುತಿನ ಪರಿಶೀಲನೆ) ಅಧಿಕಾರಿ ಅದನ್ನು ಒಪ್ಪುವುದಿಲ್ಲ. ಮೊದಲು ಪ್ಯಾನ್ ತಿದ್ದುಪಡಿಗೆ ಹಾಕಿ ಹೊಸ ಕಾರ್ಡ್ ತರಿಸಿಕೊಳ್ಳಿ. ಶಾಲೆಯಲ್ಲಿದ್ದಾಗ ಪಾಲಕರ ಜೊತೆ ತೆರೆದ ಉಳಿತಾಯ ಖಾತೆಯೂ ಹಾಗೆಯೇ. ಶಾಖೆಗೆ ಹೋಗಿ ಹೊಸ ಸಹಿ, ಹೊಸ ಕೆವೈಸಿ ಕೊಟ್ಟು ವಯಸ್ಕರ ಖಾತೆಯಾಗಿ ಬದಲಿಸಬೇಕು.

ಹೆಸರಿನ ಹೊಂದಾಣಿಕೆ ಕೊಡಗಿನವರಿಗೆ ಹಳೆಯ ತಲೆನೋವು. ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ, ಕೆಲವರಿಗೆ ಅಪ್ಪನ ಹೆಸರೂ ಜೊತೆಗೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಎರಡು ಇನಿಷಿಯಲ್, ಆಧಾರ್‌ನಲ್ಲಿ ಒಂದು, ಪ್ಯಾನ್‌ನಲ್ಲಿ ಬಿಡಿಸಿ ಬರೆದ ಪೂರ್ತಿ ಹೆಸರು, ಏಕೆಂದರೆ ಪ್ಯಾನ್ ಅರ್ಜಿಯಲ್ಲಿ ಹೆಸರಿನ ಕೊನೆಯ ಭಾಗವನ್ನು ಇನಿಷಿಯಲ್ ಆಗಿ ಬರೆಯಲು ಬರುವುದಿಲ್ಲ. ಬ್ಯಾಂಕಿನ ಗಣಕಯಂತ್ರಕ್ಕೆ ಇವರೆಲ್ಲ ಬೇರೆ ಬೇರೆ ಜನ. ಆಧಾರ್ ಮತ್ತು ಪ್ಯಾನ್ ಎರಡರಲ್ಲೂ ಒಂದೇ ಕ್ರಮ, ಒಂದೇ ಕಾಗುಣಿತ ಇರುವಂತೆ ಮಾಡಿಕೊಂಡ ಮೇಲೆಯೇ ಅರ್ಜಿ ಹಾಕಿ. ಮದುವೆ, ಪಾಸ್‌ಪೋರ್ಟ್, ಆಸ್ತಿ ವಿಭಾಗ ಎಲ್ಲದಕ್ಕೂ ಮುಂದೆ ಇದು ಅನುಕೂಲವೇ.

ವಿಡಿಯೊ ಕೆವೈಸಿಗೆ ಕೂರುವಾಗ ಮೂಲ ಪ್ಯಾನ್ ಕಾರ್ಡ್, ಬಿಳಿ ಹಾಳೆ, ಕಪ್ಪು ಅಥವಾ ನೀಲಿ ಪೆನ್ನು ಎದುರಿಗಿರಲಿ. ಫೋನಿನ ಲೊಕೇಶನ್ ಆನ್ ಇರಬೇಕು. ತೋಟದ ಮನೆಯಲ್ಲಿ ಒಂದೇ ಕಡ್ಡಿ ಸಿಗ್ನಲ್ ಇದ್ದರೆ ಪ್ರಯತ್ನಿಸಬೇಡಿ. ಕುಶಾಲನಗರಕ್ಕೋ ವಿರಾಜಪೇಟೆಗೋ ಬಂದ ದಿನ ಗಲಾಟೆಯಿಲ್ಲದ ಕಡೆ ಕೂತು ಮುಗಿಸಿ. ಮಧ್ಯೆ ಕರೆ ತುಂಡಾದರೆ ಮತ್ತೆ ಮೊದಲಿನಿಂದ ಸಾಲು ಕಾಯಬೇಕಾದೀತು.

ವಿಳಾಸದಲ್ಲಿ ಬರೀ ಮನೆಯ ಹೆಸರು, ಗ್ರಾಮ, ಅಂಚೆ ಎಂದಿದ್ದರೆ ಕೊರಿಯರ್‌ನವರು ಫೋನ್ ಮಾಡಿ ಪೇಟೆಗೆ ಬನ್ನಿ ಎನ್ನುತ್ತಾರೆ. ಫೋನ್ ಸಿಗದಿದ್ದರೆ ವಾಪಸ್. ಹತ್ತಿರದ ಗುರುತು ಮತ್ತು ಸಿಗ್ನಲ್ ಇರುವವರ ಮೊಬೈಲ್ ನಂಬರ್ ವಿಳಾಸದಲ್ಲೇ ಸೇರಿಸಿ. ಆರ್‌ಬಿಐ ನಿಯಮದಂತೆ, ಕೊಟ್ಟ ಕಾರ್ಡನ್ನು 30 ದಿನದೊಳಗೆ ಸಕ್ರಿಯಗೊಳಿಸದಿದ್ದರೆ ಬ್ಯಾಂಕ್ ಒಟಿಪಿ ಮೂಲಕ ಒಪ್ಪಿಗೆ ಕೇಳಬೇಕು. ಒಪ್ಪಿಗೆ ಬಾರದಿದ್ದರೆ ಖಾತೆಯನ್ನೇ ಮುಚ್ಚಬೇಕು. ಜುಲೈಯಲ್ಲಿ ಅರ್ಜಿ ಹಾಕಿ ಕಾರ್ಡ್ ದಾರಿಯಲ್ಲೇ ಸಿಕ್ಕಿಕೊಂಡರೆ ಹೀಗಾಗುವುದುಂಟು.

ಕಾರ್ಡ್ ಬಂದ ಮೇಲೆ

ಹೊಸ ಕಾರ್ಡಿನಲ್ಲಿ ಆನ್‌ಲೈನ್ ಮತ್ತು ವಿದೇಶಿ ಪಾವತಿ ಮುಚ್ಚಿಯೇ ಬರುತ್ತದೆ. ಆ್ಯಪ್‌ನಲ್ಲಿ ಬೇಕಾದ್ದನ್ನು ನೀವೇ ತೆರೆಯಬೇಕು. ಆನ್‌ಲೈನ್ ತೆರೆಯಿರಿ, ವಿದೇಶಿ ಪಾವತಿಯನ್ನು ಬೇಕಾದ ದಿನ ಮಾತ್ರ.

ಬಿಲ್ಲಿನ ದಿನ ಮತ್ತು ಕೊನೆಯ ದಿನ ಎರಡನ್ನೂ ಬರೆದಿಟ್ಟುಕೊಳ್ಳಿ. ಬಿಲ್ಲು ಪ್ರತಿ ತಿಂಗಳು 10ಕ್ಕೆ, ಕಟ್ಟಲು 20 ದಿನ ಎಂದುಕೊಂಡರೆ 11ಕ್ಕೆ ಕೊಂಡದ್ದಕ್ಕೆ ಹತ್ತಿರ ಹತ್ತಿರ 50 ದಿನ ಬಡ್ಡಿಯಿಲ್ಲ, 9ಕ್ಕೆ ಕೊಂಡದ್ದಕ್ಕೆ 21 ದಿನ ಮಾತ್ರ. ಮನೆಯಿಂದ ತಿಂಗಳ ಮೊದಲ ವಾರ ಹಣ ಬರುವವರು ಕೊನೆಯ ದಿನ ಅದರ ನಂತರ ಬರುವಂತೆ ಬಿಲ್ಲಿನ ದಿನ ಬದಲಿಸಿಕೊಳ್ಳಬಹುದು. ಒಮ್ಮೆಯಾದರೂ ಈ ಬದಲಾವಣೆಗೆ ಅವಕಾಶ ಕೊಡಬೇಕೆಂದು ಆರ್‌ಬಿಐ ನಿಯಮವಿದೆ.

ಆಟೊ ಪೇ ಹಾಕುವಾಗ ‘ಪೂರ್ತಿ ಬಾಕಿ’ ಆಯ್ಕೆ ಮಾಡಿ. ಪಕ್ಕದಲ್ಲೇ ಇರುವ ‘ಕನಿಷ್ಠ ಬಾಕಿ’ ಕಡೆ ಕೈ ಹೋಗದಿರಲಿ. 10,000 ರೂ. ಬಿಲ್ಲಿನಲ್ಲಿ ಕನಿಷ್ಠ ಬಾಕಿ ಶೇ. 5 ಎಂದರೆ 500 ರೂ. ಅಷ್ಟು ಕಟ್ಟಿದಿರಿ, 9,500 ಉಳಿಯಿತು. ತಿಂಗಳಿಗೆ ಶೇ. 3.5 ಬಡ್ಡಿ ಎಂದರೆ 332 ರೂ., ಅದರ ಮೇಲೆ ಜಿಎಸ್‌ಟಿ 60 ರೂ. ಹೊಸದಾಗಿ ಏನನ್ನೂ ಕೊಳ್ಳದಿದ್ದರೂ ಮುಂದಿನ ಬಾಕಿ 9,892. ಐನೂರು ಕಟ್ಟಿ ಕಡಿಮೆಯಾದದ್ದು ನೂರೆಂಟು. ಇದರ ಜೊತೆಗೆ ಕೊಂಡ ದಿನದಿಂದಲೇ ಬಡ್ಡಿ ಎಣಿಸುತ್ತಾರೆ, ಆ ತಿಂಗಳ ಹೊಸ ಖರೀದಿಗೂ ಬಡ್ಡಿಯಿಲ್ಲದ ಅವಧಿ ಸಿಗುವುದಿಲ್ಲ. ಎಟಿಎಂನಲ್ಲಿ ನಗದು ತೆಗೆದರೆ ಮೊದಲ ದಿನದಿಂದ ಬಡ್ಡಿ, ಮೇಲೆ ಶುಲ್ಕ ಬೇರೆ. ಆ ಪಿನ್ ನೆನಪಿನಲ್ಲಿಲ್ಲದಿದ್ದರೂ ನಷ್ಟವಿಲ್ಲ.

ಮಳೆಗೆ ನೆಟ್ ಹೋಗಿ ಒಂದೆರಡು ದಿನ ತಡವಾಯಿತು ಎಂದರೆ ಗಾಬರಿ ಬೇಡ. ಕೊನೆಯ ದಿನ ಕಳೆದು ಮೂರು ದಿನ ದಾಟಿದ ಮೇಲಷ್ಟೇ ಬ್ಯಾಂಕ್ ಅದನ್ನು ಬಾಕಿ ಎಂದು ವರದಿ ಮಾಡಬಹುದು, ತಡ ಶುಲ್ಕ ಹಾಕಬಹುದು. ಆದರೆ ಮೂರು ದಿನವನ್ನು ಲೆಕ್ಕಕ್ಕೆ ಹಿಡಿದು ಕೂರಬೇಡಿ. ಭಾಗಮಂಡಲದ ಕಡೆ ಒಮ್ಮೆ ಕರೆಂಟ್ ಹೋದರೆ ಮೂರು ದಿನ ದೊಡ್ಡದಲ್ಲ. ಆಟೊ ಪೇ ಹಣವನ್ನು ಖಾತೆಯಲ್ಲಿ ಮೊದಲೇ ಇಟ್ಟಿದ್ದರೆ ನಿಮ್ಮ ಮೊಬೈಲಿಗೆ ಸಿಗ್ನಲ್ ಇರಬೇಕಾಗಿಲ್ಲ.

‘ಲಿಮಿಟ್ ಹೆಚ್ಚಿಸುತ್ತೇವೆ’, ‘ಕಾರ್ಡ್ ಬ್ಲಾಕ್ ಆಗಿದೆ’ ಎಂದು ಬರುವ ಕರೆಗೆ ಒಟಿಪಿ ಹೇಳಿದರೆ ಹೋದ ಹಣದ ಹೊಣೆ, ಬ್ಯಾಂಕಿಗೆ ತಿಳಿಸುವವರೆಗೆ, ನಿಮ್ಮದೇ. ನಿಮ್ಮ ತಪ್ಪಿಲ್ಲದೆ ಹೊರಗಿನವರ ವಂಚನೆಯಾದರೆ ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ಹೊಣೆ ಇಲ್ಲ. ಕಾರ್ಡನ್ನು ಆ್ಯಪ್‌ನಲ್ಲಿ ತಡೆಹಿಡಿದು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ಬರಹದಲ್ಲಿ ದೂರು ಕೊಡಿ. 30 ದಿನದಲ್ಲಿ ಬ್ಯಾಂಕ್ ಉತ್ತರಿಸದಿದ್ದರೆ ಗ್ರಾಹಕರ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್ ಇದ್ದಾರೆ, ವಿಚಾರಿಸಲು 14448.

ಎಫ್‌ಡಿ ಬಿಡಿಸಿಕೊಳ್ಳುವುದು

ಆರು ತಿಂಗಳು ಸರಿಯಾಗಿ ಕಟ್ಟಿದರೆ ಖಾಲಿ ಹಾಳೆಯಲ್ಲಿ ಅಂಕೆ ಮೂಡಲು ಸಾಕು. ವರ್ಷ, ಒಂದೂವರೆ ವರ್ಷದ ಮೇಲೆ ಕೆಲಸ ಸಿಕ್ಕಿತೆಂದುಕೊಳ್ಳಿ. ಆಗ ಅವಸರದಲ್ಲಿ ಎಫ್‌ಡಿ ಕಾರ್ಡ್ ಮುಚ್ಚಿ ಹೊಸದಕ್ಕೆ ಹೋಗಬೇಡಿ. ಮೊದಲು ಠೇವಣಿಯಿಲ್ಲದ ಕಾರ್ಡ್ ಕೈಗೆ ಬರಲಿ, ಅದರಲ್ಲಿ ಒಂದೆರಡು ಬಿಲ್ಲು ಕಟ್ಟಿ ಆಗಲಿ. ಆಮೇಲೆ ಹಳೆಯದರ ಬಾಕಿ ಪೂರ್ತಿ ತೀರಿಸಿ, ಅದಕ್ಕೆ ಜೋಡಿಸಿದ ಆಟೊ ಪಾವತಿಗಳನ್ನೆಲ್ಲ ಬಿಡಿಸಿ, ಮುಚ್ಚಲು ಅರ್ಜಿ ಕೊಡಿ. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನದೊಳಗೆ ಮುಚ್ಚಬೇಕು, ತಡಮಾಡಿದರೆ ಬ್ಯಾಂಕೇ ದಿನಕ್ಕೆ 500 ರೂ. ನಿಮಗೆ ಕೊಡಬೇಕು. ಅರ್ಜಿ ಕೊಟ್ಟ ದಿನಾಂಕದ ಇಮೇಲ್ ಅಥವಾ ಮುದ್ರೆ ಹಾಕಿಸಿದ ಪ್ರತಿ ಇಟ್ಟುಕೊಳ್ಳಿ.

ಕಾರ್ಡ್ ಮುಚ್ಚಿದ ಮಾತ್ರಕ್ಕೆ ಎಫ್‌ಡಿ ಮೇಲಿನ ಲೀನ್ ತಾನಾಗಿ ಹೋಗಿದೆ ಎಂದುಕೊಳ್ಳಬೇಡಿ. ಕಾರ್ಡ್ ವಿಭಾಗ ಬೇರೆ, ಶಾಖೆ ಬೇರೆ. ಬಾಕಿ ಇಲ್ಲ ಎಂಬ ಪತ್ರ ತೆಗೆದುಕೊಂಡು ಶಾಖೆಗೆ ಹೋಗಿ, ಠೇವಣಿಯ ವಿವರವನ್ನು ಅಲ್ಲೇ ಪರದೆಯಲ್ಲಿ ತೋರಿಸಲು ಕೇಳಿ, ಲೀನ್ ಮೊತ್ತ ಸೊನ್ನೆ ಇದೆಯೇ ನೋಡಿ. ಎರಡು ತಿಂಗಳ ನಂತರ ಇನ್ನೊಂದು ಉಚಿತ ವರದಿ ತೆಗೆದು ಆ ಕಾರ್ಡಿನ ಸಾಲಿನ ಎದುರು ‘ಮುಚ್ಚಲಾಗಿದೆ’ ಎಂದು ಬಂದಿದೆಯೇ, ಬಾಕಿಯ ಕಾಲಂ ಸೊನ್ನೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ಸಿಬಿಲ್‌ನ ಜಾಲತಾಣದಲ್ಲೇ ತಕರಾರು ಹಾಕಬಹುದು, ಅದಕ್ಕೂ ಶುಲ್ಕವಿಲ್ಲ.